ಟ್ಯಾಲಿ ಕ್ಲಾಸಿಗೆ ಹೋಗುವ ಮುಂಚೆ

ಬಸವನ ಬಾಗೇವಾಡಿಯ ನಮ್ಮ ವೈನಿ ಬರುವ ತಿಂಗಳು ಟ್ಯಾಲಿ ಕ್ಲಾಸಿಗೆ ಸೇರುವವರಿದ್ದಾರೆ. ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಹೊಲಿಗೆಯೊಂದರಿಂದಲೇ ಇಬ್ಬರು ಮಕ್ಕಳ ಓದು ಸಾಗುವುದಿಲ್ಲ. ಪತ್ತಿನ ಸಂಘವೊಂದರಲ್ಲಿ "ಕಂಪ್ಯೂಟರ್ ಲೆಕ್ಕ ಕಲಿತು ಬರ್ರಿ, ನೋಡೋಣು" ಎಂದಿದ್ದಾರಂತೆ. "ನನಗ ಇದೆಲ್ಲಾ ಆಗತೈತೇನವ್ವಾ?" ಎಂದು ಫೋನಿನಲ್ಲಿ ಕೇಳಿದರು.

ಆಗುತ್ತದೆ. ಆದರೆ ಕ್ಲಾಸಿನ ಮೊದಲ ದಿನಕ್ಕಿಂತ ಮುಂಚೆಯೇ ಕಲಿಯಬೇಕಾದದ್ದು ಒಂದಿಷ್ಟಿದೆ, ಸೋದರಿಯರೇ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

2023ರ ದೀಪಾವಳಿ ಮುಗಿದ ಮೇಲೆ ನಾನು ಸಿಂದಗಿಯಿಂದ ವಿಜಯಪುರಕ್ಕೆ ಹೋಗಿ ಒಂದು ತರಬೇತಿ ಕೇಂದ್ರ ಸೇರಿದೆ. ಆ ವರ್ಷ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜಿಲ್ಲವಲ್ಲ, ಅದೇ ಧೈರ್ಯ. ಫೀ ಮಾತ್ರ ಮೊದಲೇ ಪೂರ್ತಿ ತುಂಬಿಸಿಕೊಂಡರು. ಕಲಿಸುವ ಹುಡುಗ "ಫೈಲ್ ಓಪನ್ ಮಾಡ್ರಿ" ಅಂದ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಒಂದು ಕಡೆ, ನನ್ನ ಕಣ್ಣು ಒಂದು ಕಡೆ. ಎರಡು ಸಲ ಒತ್ತಬೇಕು ಅಂದದ್ದಕ್ಕೆ ನಿಧಾನವಾಗಿ ಒಮ್ಮೆ, ಮತ್ತೆ ಒಮ್ಮೆ ಒತ್ತಿದೆ; ತೆರೆಯಲೇ ಇಲ್ಲ! ಪಕ್ಕದ ಹುಡುಗಿಯರು ವೋಚರ್ ಮುಗಿಸುವ ಹೊತ್ತಿಗೆ ನಾನಿನ್ನೂ 'ಎಂ' ಎಲ್ಲಿದೆ ಅಂತ ಹುಡುಕುತ್ತಿದ್ದೆ. ಹನ್ನೊಂದನೆಯ ದಿನ ಬಿಟ್ಟು ಬಂದೆ. ಫೀ ಹೋಯಿತು. ಮನೆಯಲ್ಲಿ ತಲೆನೋವೆಂದು ಸುಳ್ಳು ಹೇಳಿದೆ.

ಮೊಬೈಲ್ ಬಂದವರಿಗೆ ಕಂಪ್ಯೂಟರ್ ತಾನಾಗೇ ಬರುತ್ತದೆ ಅಂದುಕೊಳ್ಳಬೇಡಿ. ಮುದ್ದೇಬಿಹಾಳದ ನನ್ನ ಗೆಳತಿ ಮೊಬೈಲಿನಲ್ಲೇ ಹಣ ಕಳಿಸುತ್ತಾಳೆ, ಕರೆಂಟ್ ಬಿಲ್ ಕಟ್ಟುತ್ತಾಳೆ. ಕಂಪ್ಯೂಟರ್ ಮುಂದೆ ಕೂರಿಸಿದರೆ ಗಾಜನ್ನೇ ಬೆರಳಿನಿಂದ ಒತ್ತಿದಳು. ಮೊಬೈಲಿನಲ್ಲಿ ತೆಗೆದ ಫೋಟೊ ತಾನೇ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಸಾಮಾನ್ಯವಾಗಿ ನಾವೇ ಸೇವ್ ಮಾಡಬೇಕು, ಹೆಸರಿಡಬೇಕು, ಎಲ್ಲಿಟ್ಟೆವು ಎಂದು ನೆನಪಿಡಬೇಕು. ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಬೇರೆ ಬೇರೆ ಇಟ್ಟು ಅಡುಗೆ ಮಾಡುವ ನಮಗೆ ಫೋಲ್ಡರ್ ಎಂದರೇನು ಅಂತ ಬೇರೆ ಹೇಳಬೇಕೆ?

ಹಳ್ಳಿಯ ಮನೆಗೊಬ್ಬರಿಗೆ ಇಷ್ಟನ್ನೇ ಕಲಿಸಲು ಕೇಂದ್ರ ಸರ್ಕಾರ 2017ರಲ್ಲಿ ಡಿಜಿಟಲ್ ಸಾಕ್ಷರತಾ ಯೋಜನೆ ತಂದಿತ್ತು. 14ರಿಂದ 60 ವರ್ಷದವರಿಗೆ 20 ಗಂಟೆಯ ಪಾಠ. ಅದು 2024ರ ಮಾರ್ಚಿಗೆ ಮುಗಿಯಿತು. ಇಪ್ಪತ್ತು ಗಂಟೆ ಎಂಬ ಲೆಕ್ಕ ಮಾತ್ರ ಸರಿ. ನನಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಮಗನ ಹಳೆಯ ಕಂಪ್ಯೂಟರಿನ ಮುಂದೆ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಒಂದೊಂದು ಗಂಟೆ ಕೂತೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಪಂಚಾಯ್ತಿ ಗ್ರಂಥಾಲಯದಲ್ಲಿ ವಿಚಾರಿಸಿ. ಈಗ ಅದಕ್ಕೆ ಅರಿವು ಕೇಂದ್ರವೆಂದು ಹೆಸರು, ಎಷ್ಟೋ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ.

ಮೌಸ್ ಪಳಗಲು ನಾನು 'ಪೇಂಟ್'ನಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆದೆ. ಗುಂಡಿ ಒತ್ತಿ ಹಿಡಿದೇ ಎಳೆಯಬೇಕು, ಬಿಟ್ಟರೆ ಗೆರೆ ತುಂಡು. ನಮ್ಮ ಅತ್ತೆಯವರು ಇಣುಕಿ, "ಅಂಗಳದಾಗ ಹಾಕೂದು ಬಿಟ್ಟು ಇಲ್ಲಿ ಯಾಕ?" ಅಂದರು. ನಾಲ್ಕು ದಿನದಲ್ಲಿ ಕೈ ಸ್ಥಿರವಾಯಿತು.

ಟೈಪಿಂಗಿಗೆ 'ಎಫ್' ಮತ್ತು 'ಜೆ' ಗುಂಡಿಗಳನ್ನು ಸವರಿ ನೋಡಿ, ಸಣ್ಣ ಉಬ್ಬು ಸಿಗುತ್ತದೆ. ಎರಡೂ ತೋರುಬೆರಳು ಅಲ್ಲಿರಬೇಕು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಳಸುವ 'ನುಡಿ'ಯಲ್ಲಿ ಒತ್ತಕ್ಷರಕ್ಕೆ ಇದೇ 'ಎಫ್' ಬೇಕು: ಎ, ಕೆ, ಎಫ್, ಕೆ ಒತ್ತಿದರೆ 'ಅಕ್ಕ' ಮೂಡುತ್ತದೆ. ಅದು ಮೂಡಿದ ದಿನ ನನಗಾದ ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಟ್ಯಾಲಿಗಂತೂ ಮೌಸಿಗಿಂತ ಗುಂಡಿಗಳದ್ದೇ ರಾಜ್ಯ. ಹಣ ಕೊಟ್ಟರೆ 'ಎಫ್5', ಬಂದರೆ 'ಎಫ್6', ಮಾರಿದರೆ 'ಎಫ್8', ಕೊಂಡರೆ 'ಎಫ್9'. ಆದರೆ ಜಮೆ ಯಾವುದು, ಖರ್ಚು ಯಾವುದು ಎಂದು ತಿಳಿಯದವರಿಗೆ ಯಾವ ಗುಂಡಿಯೂ ಉಪಯೋಗವಿಲ್ಲ. ಇಂಡಿಯ ನನ್ನ ತಂಗಿ ತೋಟದ ಲಿಂಬೆಯ ಲೆಕ್ಕವನ್ನು ಮೊದಲು ಎಕ್ಸೆಲ್‌ನಲ್ಲಿ ಬರೆದು ಅಭ್ಯಾಸ ಮಾಡಿದಳು: ದಿನಾಂಕ, ಎಷ್ಟು ಚೀಲ, ಎಷ್ಟು ಬಂತು, ಆಳಿನ ಕೂಲಿ. ಕೆಳಗೆ ಮೊತ್ತ ತಾನೇ ಬರುತ್ತದೆ. ಅದನ್ನು ನೋಡಿ ಆಕೆಯ ಯಜಮಾನರು ಬಾಯಿಲೆಕ್ಕ ಬಿಟ್ಟಿದ್ದಾರೆ.

ಪಾಸ್‌ವರ್ಡ್ ಎಂದು ಮಕ್ಕಳ ಹೆಸರು, ಹುಟ್ಟಿದ ತಾರೀಖು ಇಡಬೇಡಿ. ಒಟಿಪಿ ಯಾರಿಗೂ ಹೇಳಬೇಡಿ, ಕಲಿಸುವವರಿಗೂ.

ಫೀ ಕಟ್ಟುವ ಮುಂಚೆ ಎರಡು ದಿನ ಹಿಂದೆ ಕೂತು ನೋಡುತ್ತೇವೆಂದು ಕೇಳಿ. ಒಂದು ಕಂಪ್ಯೂಟರಿಗೆ ಎಷ್ಟು ಜನ, ಕಂತಿನಲ್ಲಿ ಕಟ್ಟಬಹುದೇ, ನಡುವೆ ಬಿಟ್ಟರೆ ಹಣ ವಾಪಸೇ, ಎಲ್ಲ ಕೇಳಿ. ನಾಚಿಕೆ ಬೇಡ, ಸೀರೆ ಕೊಳ್ಳುವಾಗ ನಾವು ಇದಕ್ಕಿಂತ ಹೆಚ್ಚು ಕೇಳುತ್ತೇವೆ.

ನಾನು ಎರಡನೆಯ ಸಲ ಬೇರೆ ಕಡೆ ಸೇರಿ ಮೂರು ತಿಂಗಳು ಮುಗಿಸಿದೆ. ಈಗ ನಮ್ಮ ಅಂಗಡಿಯ ಲೆಕ್ಕ ನನ್ನದೇ. ವೈನಿ ಐತವಾರ ಬರುತ್ತಾರೆ, ವಾರವಿಡೀ ಇರುತ್ತಾರೆ. ಮಗನ ಕಂಪ್ಯೂಟರನ್ನು ಅಡುಗೆಮನೆಯ ಪಕ್ಕದ ಕೋಣೆಗೆ ತಂದಿಟ್ಟಿದ್ದೇನೆ. ಮೊದಲು ರಂಗೋಲಿ, ಆಮೇಲೆ 'ಅಕ್ಕ'.