ಡಬ್ಬ ಕಂಪ್ಯೂಟರ್‌ಗೂ ಆಟವುಂಟು

ನ್ಯಾಮತಿ ತಾಲ್ಲೂಕಿನ ಸವಳಂಗದಂಥ ಊರಲ್ಲಿ ಕಂಪ್ಯೂಟರ್‌ಗೆ ನಿವೃತ್ತಿ ಇಲ್ಲ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವಾಗ ಮಗನಿಗೆ ಕೊಡಿಸಿದ್ದು, ಅವನು ಬೆಂಗಳೂರು ಸೇರಿ ಲ್ಯಾಪ್‌ಟಾಪ್ ತಗೊಂಡ ಮೇಲೆ ಊರ ಮನೆಗೆ ಬರುತ್ತದೆ. ಬಾಗಿಲು ಹಾಕಿದ ಸೈಬರ್ ಸೆಂಟರ್‌ನವರು ಸಿಕ್ಕ ಬೆಲೆಗೆ ಕೊಟ್ಟ ಸಿಪಿಯು ಇನ್ನೊಬ್ಬರ ಮನೆ ಸೇರುತ್ತದೆ. ಮೆಕ್ಕೆಜೋಳದ ಚೀಲ ಪೇರಿಸಿದ ಕೋಣೆಯ ಮೂಲೆಯಲ್ಲಿ, ಹಳೇ ಸೀರೆಯ ತುಂಡು ಹೊದ್ದು ಕೂತಿರುತ್ತದೆ. ರಜೆಗೆ ಬಂದ ಮಕ್ಕಳು ಹೊದಿಕೆ ಸರಿಸಿ ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟುತ್ತಾರೆ, ಮತ್ತೆ ಮೊಬೈಲ್ ಹಿಡಿಯುತ್ತಾರೆ. "ಇದ್ರಾಗೆ ಏನೂ ಆಡಕ್ಕಾಗಲ್ಲ ಮಾವ, ಬರೀ ಡಬ್ಬ" ಎಂದು ನಮ್ಮಕ್ಕನ ಮಗ ತೀರ್ಪು ಕೊಟ್ಟಿದ್ದು ಇಂಥದ್ದೇ ಒಂದರ ಮುಂದೆ ಕೂತು.

ಅವನು ಹಾಕಲು ಹೊರಟಿದ್ದು ಜಿಟಿಎ 5. ಕಂಪ್ಯೂಟರ್‌ಗೆ 2015ರಲ್ಲಿ ಬಂದ ಆ ಆಟಕ್ಕೆ ಕಡೇಪಕ್ಷ 4 ಜಿಬಿ ರ‍್ಯಾಮ್ ಬೇಕು, ಹಾರ್ಡ್ ಡಿಸ್ಕ್‌ನಲ್ಲಿ 60 ಜಿಬಿಗೂ ಮೇಲೆ ಜಾಗ ಬೇಕು. ಮನೆಯಲ್ಲಿದ್ದದ್ದು ಕೋರ್ 2 ಡ್ಯುಯೊ, ಇಂಟೆಲ್ ಜಿ31 ಬೋರ್ಡು, 2 ಜಿಬಿ ರ‍್ಯಾಮ್, 160 ಜಿಬಿ ಡಿಸ್ಕ್. ಆ ಡಿಸ್ಕ್‌ನಲ್ಲೂ ಅರ್ಧ ಮದುವೆ ವಿಡಿಯೊ. ಅದೇ ಸರಣಿಯ ವೈಸ್ ಸಿಟಿ 2003ರಲ್ಲಿ ಕಂಪ್ಯೂಟರ್‌ಗೆ ಬಂದಾಗ ಕೇಳಿದ್ದು 800 ಮೆಗಾಹರ್ಟ್ಸ್‌ನ ಪೆಂಟಿಯಂ 3 ಮತ್ತು 128 ಎಂಬಿ ರ‍್ಯಾಮ್. ಅದನ್ನು ಹಾಕಿದರೆ ಈ ಡಬ್ಬದಲ್ಲಿ ನೀರು ಕುಡಿದ ಹಾಗೆ ಓಡುತ್ತದೆ.

ನಾನು ಎಲ್ಲರಿಗೂ ಹೇಳುವ ಲೆಕ್ಕ ಇಷ್ಟೇ: ಕಂಪ್ಯೂಟರ್ ಯಾವ ವರ್ಷದ್ದು ನೋಡಿ, ಅದರಿಂದ ನಾಲ್ಕೈದು ವರ್ಷ ಕಳೆಯಿರಿ, ಆ ಹೊತ್ತಿಗೆ ಬಂದಿದ್ದ ಆಟ ಹುಡುಕಿ. ಕಳೆಯುವುದು ಯಾಕೆಂದರೆ, ಆಟ ಮಾಡುವವರು ಆ ವರ್ಷದ ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ನಮ್ಮ ಕಡೆಯ ಮಷೀನುಗಳಲ್ಲಿ ಕಾರ್ಡೇ ಇರುವುದಿಲ್ಲ. ಮದರ್‌ಬೋರ್ಡ್ ಜೊತೆ ಬಂದ ಗ್ರಾಫಿಕ್ಸ್, ಇರುವ ರ‍್ಯಾಮ್‌ನಲ್ಲೇ ಒಂದು ಪಾಲು ಕಿತ್ತುಕೊಂಡು ಬದುಕುತ್ತದೆ.

ದೊಡ್ಡ ಆಟಗಳೇನೋ ನಮ್ಮ ರಾಜ್ಯಕ್ಕೆ ದೂರದವಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ 1997ರಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಈ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಅದನ್ನು 2019ರಲ್ಲಿ ಕೊಂಡುಕೊಂಡಿದ್ದು ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯೇ. ಬೆಂಗಳೂರಿನ ಹುಡುಗರು ಕೆಲಸ ಮಾಡಿದ ಆಟ ನ್ಯಾಮತಿ ತಾಲ್ಲೂಕಿನ ಡೆಸ್ಕ್‌ಟಾಪ್‌ನಲ್ಲಿ ತೆರೆಯುವುದಿಲ್ಲ, ಅಷ್ಟೇ.

ಆಟ ಹುಡುಕುವ ಮೊದಲು ಸಿಪಿಯು ಬಿಚ್ಚಬೇಕು. ಪಕ್ಕದ ಎರಡು ಸ್ಕ್ರೂ ತೆಗೆದರೆ ಒಳಗೆ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಆನ್ ಮಾಡಿದಾಗ ಪರದೆ ಕಪ್ಪಾಗೇ ಇದ್ದು ಬೀಪ್ ಬೀಪ್ ಅಂದರೆ ಬಹಳ ಸಲ ರ‍್ಯಾಮ್‌ನದೇ ತಕರಾರು. ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಅಂಚಿನ ಹೊಂಬಣ್ಣದ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಬೇಕು. ರಿಪೇರಿ ಅಂಗಡಿಯಲ್ಲಿ ಕೊಟ್ಟರೂ ಅವರು ಮೊದಲು ಮಾಡುವುದು ಇದನ್ನೇ. ಇನ್ನೊಂದು, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್. ಸಿಆರ್2032 ಅಂತ ಬರೆದಿರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ತಾರೀಕು ತಪ್ಪಾದರೆ ಬ್ರೌಸರ್ ಅರ್ಧಕ್ಕರ್ಧ ಸೈಟು ತೆರೆಯಲು ಒಪ್ಪುವುದಿಲ್ಲ. ನೆಟ್ ಕೆಟ್ಟಿದೆ ಅಂತ ಬಿಎಸ್ಸೆನ್ನೆಲ್‌ನವರನ್ನು ಬೈಯುವ ಎಷ್ಟೋ ಮನೆಗಳಲ್ಲಿ ಕೆಟ್ಟಿರುವುದು ಈ ಸೆಲ್ಲು.

ಇನ್ನು ಆಟ. ವಿಂಡೋಸ್ ಎಕ್ಸ್‌ಪಿ ಇದ್ದರೆ ಕೆಲವು ಒಳಗೇ ಇವೆ. ಸಾಲಿಟೇರ್ 1990ರಲ್ಲಿ ವಿಂಡೋಸ್ 3.0 ಜೊತೆ ಬಂತು. ಬರೆದವನು ಆಗ ಮೈಕ್ರೋಸಾಫ್ಟ್‌ನಲ್ಲಿ ತರಬೇತಿಗಿದ್ದ ವೆಸ್ ಚೆರಿ, ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ನನ್ನ ಮೆಚ್ಚು ಮಾತ್ರ ಫ್ರೀಸೆಲ್. ಅಲ್ಲಿ ಪ್ರತಿ ಆಟಕ್ಕೂ ನಂಬರ್ ಇದೆ, ಎಲೆಗಳೆಲ್ಲ ಮೊದಲೇ ಕಣ್ಣೆದುರು ಇರುತ್ತವೆ, ಸೋತರೆ ಅದೃಷ್ಟವನ್ನು ದೂರುವಂತಿಲ್ಲ. ವಿಂಡೋಸ್ 95ರ 32,000 ಆಟಗಳಲ್ಲಿ ಬಿಡಿಸಲಾಗದ್ದು ಒಂದೇ ಒಂದು, 11982. ಎಫ್3 ಒತ್ತಿ ಆ ನಂಬರ್ ಹಾಕಿ, ಜಂಬದ ನೆಂಟರನ್ನು ಮುಂದೆ ಕೂರಿಸಿ ನೋಡಿ.

ಸಿಡಿ ಆಟಗಳ ವಿಷಯದಲ್ಲಿ ಹಳೇ ಮಷೀನಿನದೇ ಮೇಲುಗೈ. ಆ ಕಾಲದ ಎಷ್ಟೋ ಸಿಡಿಗಳಿಗೆ ನಕಲು ತಡೆಯಲು ಸೇಫ್‌ಡಿಸ್ಕ್ ಅನ್ನುವ ಬೀಗ ಇತ್ತು. ವಿಂಡೋಸ್ ಒಳಗಿನ ಒಂದು ಡ್ರೈವರ್ ಇದ್ದರೆ ಮಾತ್ರ ಆ ಬೀಗ ತೆರೆಯುತ್ತಿತ್ತು. 2015ರಲ್ಲಿ ಬಂದ ವಿಂಡೋಸ್ 10, ಭದ್ರತೆಯ ಕಾರಣಕ್ಕೆ, ಆ ಡ್ರೈವರ್ ಅನ್ನು ಕೈಬಿಟ್ಟಿತು. ಹೀಗಾಗಿ ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಮಗನ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡದೆ (ಅದಕ್ಕೆ ಸಿಡಿ ತೂರಿಸುವ ಬಾಯೇ ಇಲ್ಲ, ಆ ಮಾತು ಬೇರೆ) ಊರ ಮನೆಯ ಎಕ್ಸ್‌ಪಿಯಲ್ಲಿ ಓಡುತ್ತದೆ. 64 ಬಿಟ್ ವಿಂಡೋಸ್ ಹಳೇ ಡಾಸ್ ಆಟಗಳನ್ನೂ ನೇರವಾಗಿ ಮುಟ್ಟುವುದಿಲ್ಲ. ಅದಕ್ಕೆ ಡಾಸ್‌ಬಾಕ್ಸ್ ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಆಟ ಅತಿ ವೇಗವಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11, ನಿಧಾನವಾದರೆ ಎಫ್12.

ಕ್ರಿಕೆಟ್‌ಗೆ ಬಂದರೆ ಬೇರೆ ಮಾತೇ ಬೇಡ, ಇಎ ಕ್ರಿಕೆಟ್ 07. 2006ರ ಕೊನೆಗೆ ಬಂದ ಇದರ ನಂತರ ಆ ಕಂಪನಿ ಕಂಪ್ಯೂಟರ್‌ಗೆ ಕ್ರಿಕೆಟ್ ಆಟ ಮಾಡಲೇ ಇಲ್ಲ. ಕಂಪನಿ ಬಿಟ್ಟರೂ ಆಡುವವರು ಬಿಡಲಿಲ್ಲ. ವರ್ಷ ವರ್ಷ ಹೊಸ ಆಟಗಾರರು, ಹೊಸ ಜರ್ಸಿ, ಐಪಿಎಲ್ ತಂಡಗಳನ್ನು ತಾವೇ ತುಂಬಿಸಿ ಪ್ಯಾಚ್ ಮಾಡಿ ಹಂಚಿದರು. ಹೀಗಾಗಿ ಮೊನ್ನೆ ಮೊನ್ನೆ ತಂಡಕ್ಕೆ ಬಂದ ಹುಡುಗ ಬ್ಯಾಟ್ ಬೀಸುವಾಗ ಕಾಮೆಂಟರಿ ಹೇಳುವ ದನಿ 2015ರಲ್ಲಿ ತೀರಿಹೋದ ರಿಚಿ ಬೆನೊ ಅವರದು. ಗ್ರಾಫಿಕ್ಸ್ ಮಬ್ಬು, ಪ್ರೇಕ್ಷಕರು ರಟ್ಟಿನ ಗೊಂಬೆಗಳು. ಆದರೂ ಕೊನೆಯ ಓವರಿನಲ್ಲಿ ಎದೆ ಹೊಡೆದುಕೊಳ್ಳುವುದು ನಿಜ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವಾಗ ಮಾತ್ರ ಜಗಳ ಗ್ಯಾರಂಟಿ: ಅಗ್ಗದ ಕೀಬೋರ್ಡಿಗೆ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದು ತಿಳಿಯುವುದೇ ಇಲ್ಲ. "ನಾನು ಒತ್ತಿದ್ದೆ" ಅನ್ನುವವನು ಸುಳ್ಳು ಹೇಳುತ್ತಿರುವುದಿಲ್ಲ.

ಗೇಮ್ ವಿಮರ್ಶೆ ಬರೆಯುವವರು ಯಾರೂ ಕೇಳದ ಪ್ರಶ್ನೆ ಒಂದಿದೆ: ನಡುವೆ ಕರೆಂಟ್ ಹೋದರೆ ಗತಿ ಏನು? ಮಳೆಗಾಲದಲ್ಲಿ, ಯುಪಿಎಸ್ ಬ್ಯಾಟರಿ ಸತ್ತಿರುವ ಮನೆಯಲ್ಲಿ, ಮೊದಲು ನೋಡಬೇಕಾದ್ದು ಅದನ್ನೇ. ಜೋರ್ಡನ್ ಮೆಕ್ನರ್ 1989ರಲ್ಲಿ ತಂದ ಪ್ರಿನ್ಸ್ ಆಫ್ ಪರ್ಷಿಯಾ ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು ಸಣ್ಣದು. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಒಂದೊಂದೇ ಚಿತ್ರ ನೋಡಿ ಆ ರಾಜಕುಮಾರನ ನಡಿಗೆ ಬರೆದದ್ದು. ಇವತ್ತಿಗೂ ಅಂಥ ಓಟ ಅಪರೂಪ. ಆದರೆ ಅರವತ್ತು ನಿಮಿಷದೊಳಗೆ ಮುಗಿಸಬೇಕು, ಮೂರನೇ ಹಂತ ಮುಟ್ಟುವವರೆಗೆ ಸೇವ್ ಮಾಡಲು ಬಿಡುವುದಿಲ್ಲ. ಮೆಸ್ಕಾಂ, ಬೆಸ್ಕಾಂಗಳ ವಿಚಾರ ಮೆಕ್ನರ್‌ಗೆ ಗೊತ್ತಿರಲಿಲ್ಲ. ಓಪನ್‌ಟಿಟಿಡಿ ಹಾಗಲ್ಲ, ತಾನೇ ಆಗಾಗ ಸೇವ್ ಮಾಡಿಕೊಳ್ಳುತ್ತದೆ. ರೈಲು ಹಳಿ ಹಾಕಿ, ಬಸ್ಸು ಬಿಟ್ಟು, ಊರಿಂದೂರಿಗೆ ಸಾಮಾನು ಸಾಗಿಸಿ ದುಡ್ಡು ಮಾಡುವ ಆಟ. ಕ್ರಿಸ್ ಸಾಯರ್ ಅವರ ಹಳೇ ಟ್ರಾನ್ಸ್‌ಪೋರ್ಟ್ ಟೈಕೂನನ್ನು ಆಟಗಾರರೇ ಹೊಸದಾಗಿ ಬರೆದು 2004ರಿಂದ ಪುಕ್ಕಟೆ ಹಂಚುತ್ತಿದ್ದಾರೆ. 2003ರಲ್ಲಿ ಶುರುವಾದ ಬ್ಯಾಟಲ್ ಫಾರ್ ವೆಸ್ನಾತ್ ಕೂಡ ಪುಕ್ಕಟೆ. ಸರದಿಯಂತೆ ನಡೆಸುವ ಯುದ್ಧ, ಅವಸರವಿಲ್ಲ. ನಡುವೆ ಎದ್ದು ದನಕ್ಕೆ ಹುಲ್ಲು ಹಾಕಿ ಬರಬಹುದು.

ಕೋರ್ 2 ಡ್ಯುಯೊ ಎಂದರೆ ಮೂಗು ಮುರಿಯುವವರಿಗೆ ಒಂದು ಸಂಗತಿ. ಜರ್ಮನಿಯ ಬಾನ್ ನಗರದಲ್ಲಿ 2006ರಲ್ಲಿ ವಿಶ್ವ ಚೆಸ್ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್‌ರನ್ನು 4–2ರಿಂದ ಸೋಲಿಸಿದ ಡೀಪ್ ಫ್ರಿಟ್ಜ್ ಓಡುತ್ತಿದ್ದದ್ದು ಅದೇ ಪೀಳಿಗೆಯ ಎರಡು ಪ್ರೊಸೆಸರ್ ಮೇಲೆ. ಎರಡನೇ ಆಟದಲ್ಲಂತೂ ಕ್ರಾಮ್ನಿಕ್ ಒಂದೇ ನಡೆಯ ಚೆಕ್‌ಮೇಟ್ ಕಾಣದೆ ಹೋದರು. ಈಗಿನ ಸ್ಟಾಕ್‌ಫಿಶ್ ಇನ್ನೂ ಜಾಣ, ಅದೂ ಪುಕ್ಕಟೆ, ಹಳೇ ಸಿಪಿಯುನಲ್ಲೂ ನಮ್ಮನ್ನು ಮಣಿಸಲು ಬೆವರುವುದಿಲ್ಲ. ಚೆಸ್ ಕಲಿಯುವ ಮಗುವಿರುವ ಮನೆಯವರು ಈ ಕಾರಣಕ್ಕೆ ಹೊಸ ಕಂಪ್ಯೂಟರ್ ತರಬೇಕಿಲ್ಲ.

ಎಚ್ಚರಿಕೆ ಎರಡು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಭದ್ರತೆಯ ಅಪ್‌ಡೇಟ್ ನಿಲ್ಲಿಸಿತು. ಅಂಥ ಮಷೀನಿಗೆ ನೆಟ್ ಕೊಡಬೇಡಿ, ಬ್ಯಾಂಕ್ ಪಾಸ್‌ವರ್ಡಂತೂ ಹಾಕಲೇಬೇಡಿ. ಆಟವನ್ನು ಮೊಬೈಲ್‌ನಲ್ಲಿ ಇಳಿಸಿ, ಕೇಬಲ್ ಹಾಕಿ ಒಳಗೆ ಬಿಡಿ. 'ಸಾವಿರ ಆಟ ಒಂದೇ ಕ್ಲಿಕ್ಕಿಗೆ' ಅನ್ನುವ ಸೈಟುಗಳ ಹತ್ತಿರ ಸುಳಿಯಬೇಡಿ, ಆಟಕ್ಕಿಂತ ಮೊದಲು ವೈರಸ್ ಬರುತ್ತದೆ. ಆಟ ಮಾಡಿದವರದೇ ಜಾಗದಿಂದ ಇಳಿಸಿ. ನೆಟ್ ಬೇಕೇಬೇಕು ಅನ್ನುವವರು ಪಪ್ಪಿ ಲಿನಕ್ಸ್‌ನಂಥದ್ದನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು.

ಕೊನೆಗೆ ಉಳಿಸಿಕೊಂಡದ್ದು 1991ರ ಒಂದು ಆಟ. ಎಂಎಸ್-ಡಾಸ್ 5ರ ಜೊತೆ, ಕ್ಯೂಬೇಸಿಕ್ ಭಾಷೆಗೆ ಮಾದರಿಯೆಂದು ಕೊಟ್ಟಿದ್ದ ಗೊರಿಲ್ಲಾ. ಎರಡು ಗೊರಿಲ್ಲಾಗಳು ಎತ್ತರದ ಕಟ್ಟಡಗಳ ಮೇಲೆ ನಿಂತು ಬಾಳೆಹಣ್ಣು ಎಸೆದು ಹೊಡೆದಾಡುತ್ತವೆ. ನಾವು ಕೊಡಬೇಕಾದ್ದು ಕೋನ ಮತ್ತು ವೇಗ; ಗಾಳಿ ಯಾವ ಕಡೆ ಎಂದು ಕೆಳಗೆ ಬಾಣ ತೋರಿಸುತ್ತದೆ. ಆಟದ ಇಡೀ ಪ್ರೋಗ್ರಾಂ ಬಿಚ್ಚಿಟ್ಟ ಪುಸ್ತಕದ ಹಾಗೆ ಓದಲು ಸಿಗುತ್ತದೆ. ಬೇಕಾದ ಸಾಲು ತಿದ್ದಿ ಎಫ್5 ಒತ್ತಿದರೆ ತಿದ್ದಿದ ಆಟವೇ ಓಡುತ್ತದೆ. ಶುರುವಿನಲ್ಲಿ ಗುರುತ್ವ ಎಷ್ಟು ಎಂದೂ ಕೇಳುತ್ತದೆ. ಭೂಮಿಯ 9.8ರ ಬದಲು ಚಂದ್ರನ 1.6 ಕೊಟ್ಟರೆ, ನಿನ್ನೆ ತಾಗಿದ ಏಟು ಇವತ್ತು ಪರದೆ ದಾಟಿ ಹೋಗುತ್ತದೆ. ಗುರು ಗ್ರಹದ 24.8 ಕೊಟ್ಟರೆ ಗುರುತ್ವ ಎರಡೂವರೆ ಪಟ್ಟು ಆಯಿತು, ಆದರೆ ಅದೇ ಕೋನದಲ್ಲಿ ಅಷ್ಟೇ ದೂರ ತಲುಪಿಸಲು ವೇಗ ಹೆಚ್ಚೂಕಡಿಮೆ 1.6 ಪಟ್ಟು ಸಾಕು. ಎರಡೂವರೆ ಪಟ್ಟು ಯಾಕಲ್ಲ ಎಂದು ಪಿಯುಸಿಯವರು ಲೆಕ್ಚರರ್‌ನ ಕೇಳಲಿ, ಒಂದು ಪೀರಿಯಡ್ ಅದಕ್ಕೇ ಬೇಕು.