ಕಸುಬು ಬದಲಿಸಿದ ಜೀವಕೋಶಗಳು

ಥೈರಾಯ್ಡ್ ಗ್ರಂಥಿಯ ತೆಳುವಾದ ಒಂದು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಉಂಗುರದಂತೆ ಸುತ್ತ ಕೂತ ಜೀವಕೋಶಗಳು, ನಡುವೆ ಅಂಟಿನಂಥ ದ್ರವ ಕಾಣಬೇಕು. ಮಿಷಿಗನ್ ವಿಶ್ವವಿದ್ಯಾಲಯದ ರೊನಾಲ್ಡ್ ಕೋನಿಗ್ ಅವರ ತಂಡ 2011ರಲ್ಲಿ ಇಲಿಗಳ ಗ್ರಂಥಿಯಲ್ಲಿ ಕಂಡದ್ದು ಕೊಬ್ಬಿನ ಹನಿಗಳನ್ನು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹನಿಹನಿಯಾಗಿ ನಿಲ್ಲುವ ಹಾಗೆ ಕೋಶಗಳ ಒಳಗೆ ಅವು ತುಂಬಿಕೊಂಡಿದ್ದವು. ಆ ಇಲಿಗಳಿಗಿದ್ದದ್ದು ಥೈರಾಯ್ಡ್ ಕ್ಯಾನ್ಸರ್. ಕೊಟ್ಟದ್ದು ಪಯೋಗ್ಲಿಟಜೋನ್, ನಮ್ಮ ಬೀದಿ ಬದಿಯ ಮೆಡಿಕಲ್ ಶಾಪಿನಲ್ಲಿ ಸಿಗುವ ಶುಗರ್ ಮಾತ್ರೆ. ಊದಿದ್ದ ಗ್ರಂಥಿ ಕುಗ್ಗಿತು. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದು ನಿಂತಿತು.

ಕ್ಯಾನ್ಸರ್ ಔಷಧಿ ಎಂದರೆ ಕೋಶವನ್ನು ಕೊಲ್ಲುವ ವಿಷ ಎಂದೇ ಕೇಳಿ ಬೆಳೆದವರಿಗೆ ಇದು ಬೆರಗಿನ ಸಂಗತಿ. ಇಲ್ಲಿ ಥೈರಾಯ್ಡ್ ಕೋಶ ತನ್ನ ಕಸುಬನ್ನೇ ಬಿಟ್ಟು ಕೊಬ್ಬಿನ ಕೋಶದ ಕೆಲಸಕ್ಕೆ ಇಳಿದಿತ್ತು.

ಕಾರಣ ಆ ಇಲಿಗಳಲ್ಲಿದ್ದ ಒಂದು ತಪ್ಪು ಬೆಸುಗೆ. ಮನುಷ್ಯರಲ್ಲಿ ಥೈರಾಯ್ಡ್ ರೂಪುಗೊಳ್ಳಲು ಬೇಕಾದ ಪ್ಯಾಕ್ಸ್-8 ಎಂಬ ಜೀನ್ 2ನೇ ಕ್ರೋಮೋಸೋಮಿನಲ್ಲಿದೆ. ಕೊಬ್ಬಿನ ಕೋಶ ತಯಾರಾಗಲು ಅಪ್ಪಣೆ ಕೊಡುವ ಪಿಪಾರ್-ಗ್ಯಾಮಾ ಇರುವುದು 3ನೆಯದರಲ್ಲಿ. ಕೆಲವರಲ್ಲಿ ಇವೆರಡೂ ತುಂಡಾಗಿ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಕೊಳ್ಳುತ್ತದೆ. ಬಾಸ್ಟನ್ನಿನ ಟಾಡ್ ಕ್ರೋಲ್, ಜೊನಾಥನ್ ಫ್ಲೆಚರ್ ಮತ್ತು ಸಂಗಡಿಗರು ಇದನ್ನು 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಫಾಲಿಕ್ಯುಲರ್ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಗಡ್ಡೆಗಳಲ್ಲಿ ಈ ಬೆಸುಗೆ ಇರುತ್ತದೆ. ಪಯೋಗ್ಲಿಟಜೋನ್ ಸಕ್ಕರೆ ಇಳಿಸುವುದು ಇದೇ ಪಿಪಾರ್-ಗ್ಯಾಮಾವನ್ನು ಹಿಡಿದು. ಬೆಸೆದ ಪ್ರೋಟೀನಿನಲ್ಲೂ ಅದರ ಬಾಲ ಹಾಗೇ ಉಳಿದಿರುವುದರಿಂದ ಮಾತ್ರೆಗೆ ಹಿಡಿಯಲು ಜಾಗ ಸಿಕ್ಕಿತು. ಬಾಲ ಹಿಡಿದು ಎಳೆದದ್ದೇ ತಡ, ಕೋಶ ಕೊಬ್ಬಿನ ದಾರಿ ಹಿಡಿಯಿತು!

ಮನುಷ್ಯರಲ್ಲಿ? 2018ರಲ್ಲಿ ಇದೇ ಬೆಸುಗೆಯಿದ್ದ ಒಬ್ಬ ರೋಗಿಯ ವರದಿ ಬಂತು. ಪಯೋಗ್ಲಿಟಜೋನ್ ಕೊಟ್ಟ ಮೇಲೆ ಗಡ್ಡೆ ಕುಗ್ಗಿತ್ತು, ರಕ್ತದಲ್ಲಿ ಥೈರಾಯ್ಡ್ ಕೋಶಗಳು ಬಿಡುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಇಳಿದಿತ್ತು. ಒಬ್ಬರು ಅಂದರೆ ಒಬ್ಬರೇ. ಅಷ್ಟರಿಂದ ಚಿಕಿತ್ಸೆ ಎನ್ನಲಾಗದು. ಆದರೆ ಜೀನಿನ ನಂಟು, ಇಲಿ, ಮನುಷ್ಯ ಮೂರೂ ಒಂದೇ ದಿಕ್ಕಿಗೆ ಬೊಟ್ಟು ಮಾಡುವುದು ವೈದ್ಯಕೀಯದಲ್ಲಿ ದಿನವೂ ಸಿಗುವ ಭಾಗ್ಯವಲ್ಲ.

ಬೆಸುಗೆ ಇದೆಯೋ ಇಲ್ಲವೋ ನೋಡದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಗೆ ಕೊಡುವ ವಿಕಿರಣದ ಅಯೋಡಿನ್ನನ್ನು ಹೀರಿಕೊಳ್ಳುವುದನ್ನೇ ಮರೆತ ಗಡ್ಡೆಗಳಿಗೆ ಆ ಅಭ್ಯಾಸ ಮರಳಿ ಬರಲಿ ಎಂದು ಅಮೆರಿಕದಲ್ಲಿ 20 ಮಂದಿಗೆ ರೋಸಿಗ್ಲಿಟಜೋನ್ ಕೊಟ್ಟರು. ಪಯೋಗ್ಲಿಟಜೋನಿನ ಒಡಹುಟ್ಟು ಅದು. 2009ರ ವರದಿಯಂತೆ ಐವರ ಗಡ್ಡೆ ಅಯೋಡಿನ್ ಹಿಡಿಯಿತು. ಯಾರ ಗಡ್ಡೆಯೂ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ.

ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಶುಗರ್ ಮಾತ್ರೆಯ ಕಥೆ ಹೆಚ್ಚು ಪ್ರಸಿದ್ಧ, ಅಷ್ಟೇ ಅನುಮಾನದಿಂದ ನೋಡಬೇಕಾದದ್ದು. ಈ ಮಾತ್ರೆ ನುಂಗುವ ಸಕ್ಕರೆ ಕಾಯಿಲೆಯವರಿಗೆ ಕ್ಯಾನ್ಸರ್ ಕಡಿಮೆ ಎಂದು 2005ರಲ್ಲಿ ಸ್ಕಾಟ್ಲೆಂಡಿನ ದಾಖಲೆಗಳು ಹೇಳಿದ್ದವು. ಥೈರಾಯ್ಡ್ ಕ್ಯಾನ್ಸರ್ ಇದ್ದ ಮಧುಮೇಹಿಗಳಲ್ಲೂ ಒಳ್ಳೆಯ ಫಲ ಕಾಣುತ್ತಿದೆ ಎಂದು 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಆದರೆ ಹಳೆಯ ದಾಖಲೆ ತಿರುವಿ ಹಾಕುವಾಗ ಒಂದು ಮೋಸವಿದೆ: ವರ್ಷಗಟ್ಟಲೆ ಮಾತ್ರೆ ನುಂಗಬೇಕಾದರೆ ಮೊದಲು ಅಷ್ಟು ವರ್ಷ ಬದುಕಿರಬೇಕು. ಬದುಕಿದ್ದರಿಂದ ಮಾತ್ರೆಯೋ, ಮಾತ್ರೆಯಿಂದ ಬದುಕೋ? ಸ್ತನ ಕ್ಯಾನ್ಸರ್‌ನ 3,649 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ, ಪ್ರಯೋಗ ಮುಖ್ಯವಾಗಿ ಗುರಿಯಾಗಿಸಿಕೊಂಡಿದ್ದ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಕಾಯಿಲೆ ಮರುಕಳಿಸುವುದನ್ನು ತಡೆದಿರಲಿಲ್ಲ. ಥೈರಾಯ್ಡ್‌ಗೆ ಅಂಥ ಗಟ್ಟಿ ಪರೀಕ್ಷೆ ಆಗುವ ತನಕ ಮೆಟ್‌ಫಾರ್ಮಿನ್ ಬಗ್ಗೆ ಉತ್ಸಾಹ ತಡೆದುಕೊಳ್ಳುವುದೇ ಲೇಸು.

ಶುಗರ್ ಔಷಧಿಗಳೆಲ್ಲ ಒಂದೇ ಜಾತಿಯವೂ ಅಲ್ಲ. ತೂಕ ಇಳಿಸಲು ಈಗ ಎಲ್ಲರೂ ಕೇಳುವ ಸೆಮಾಗ್ಲುಟೈಡ್ ಇಲಿಗಳ ಥೈರಾಯ್ಡ್‌ನಲ್ಲಿ ಗಡ್ಡೆ ಎಬ್ಬಿಸಿತ್ತು. ಹಾಗಾಗಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಮನೆತನದಲ್ಲಿ ಇದ್ದವರಿಗೆ ಅದು ಬೇಡ ಎಂದು ಅಮೆರಿಕದಲ್ಲಿ ಪೊಟ್ಟಣದ ಜೊತೆಗಿನ ಚೀಟಿಯಲ್ಲೇ ಎಚ್ಚರಿಕೆ ಇದೆ. ಪಯೋಗ್ಲಿಟಜೋನೂ ನಿರಪಾಯಕಾರಿಯಲ್ಲ. ಮೂತ್ರಕೋಶದ ಕ್ಯಾನ್ಸರ್ ಭಯದಿಂದ ಭಾರತ ಸರ್ಕಾರ 2013ರ ಜೂನ್‌ನಲ್ಲಿ ಅದರ ಮಾರಾಟ ನಿಲ್ಲಿಸಿ, ಜುಲೈ ಕೊನೆಗೆ ಎಚ್ಚರಿಕೆಯ ಷರತ್ತಿನೊಂದಿಗೆ ಮತ್ತೆ ಬಿಟ್ಟಿತು. ಮನೆಯಲ್ಲಿ ಅಜ್ಜನ ಡಬ್ಬಿಯಿಂದ ಎತ್ತಿ ನುಂಗುವ ಮಾತ್ರೆ ಖಂಡಿತ ಅಲ್ಲ.

ಪೇಟೆಂಟ್ ತೀರಿದ ಅಗ್ಗದ ಮಾತ್ರೆಗೆ ದುಬಾರಿ ಪ್ರಯೋಗ ಮಾಡಿಸಲು ಕಂಪನಿಗಳು ಮುಂದೆ ಬರುವುದು ಕಷ್ಟ. ಅದು ಸರ್ಕಾರಿ ಹಣದಿಂದಲೇ ಆಗಬೇಕು, ಆಗಲೇಬೇಕು. ಸರಿಯಾದ ರೋಗಿಯನ್ನು ಹುಡುಕಲು ಹೊಸದಾಗಿ ಸೂಜಿ ಚುಚ್ಚಬೇಕೆಂದೂ ಇಲ್ಲ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಪೆಥಾಲಜಿ ವಿಭಾಗಗಳು ಮೇಣದ ಬಿಲ್ಲೆಯಲ್ಲಿ ಹೂತು, ನಂಬರ್ ಬರೆದು, ವರ್ಷಗಟ್ಟಲೆ ಕಾಪಿಡುತ್ತವೆ. ಆ ಬಿಲ್ಲೆಯಿಂದ ಕೂದಲಿಗಿಂತ ತೆಳುವಾದ ಒಂದು ಪದರ ಕೊಯ್ದರೆ ಸಾಕು, ಬೆಸುಗೆ ಇದೆಯೋ ಇಲ್ಲವೋ ತಿಳಿಯುತ್ತದೆ.