ಮನೆಯೊಳಗಿನ ವ್ಯಾಪಾರಕ್ಕೆ ವಲಯ ನಿಯಮದ ಹೊಸ್ತಿಲು

ವಿಜಯಪುರ: ಗೇಟಿಗೆ ತೂಗುಹಾಕಿದ ಒಂದು ಸಣ್ಣ ಫಲಕ. ಅದರ ಮೇಲೆ 'ಇಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ದೊರೆಯುತ್ತದೆ' ಎಂಬ ಬರಹ. ಆಶ್ರಮ ರಸ್ತೆಯ ಸುತ್ತಲಿನ ಓಣಿಗಳಲ್ಲಾಗಲಿ, ಜಲನಗರದ ಕಡೆಯಲ್ಲಾಗಲಿ ಇಂತಹ ಫಲಕ ಯಾರಿಗೂ ಅಚ್ಚರಿ ತರುವುದಿಲ್ಲ. ಪಕ್ಕದ ಮನೆಯಲ್ಲಿ ಹೊಲಿಗೆ, ಅದರಾಚೆಯ ಮನೆಯಲ್ಲಿ ಟ್ಯೂಷನ್, ಎದುರಿನ ಮನೆಯ ಮುಂಗೋಣೆಯಲ್ಲಿ ಬ್ಯೂಟಿ ಪಾರ್ಲರ್. ಆದರೆ ವಸತಿಗೆಂದು ಗುರುತಿಸಲಾದ ಬಡಾವಣೆಯ ಮನೆಯಲ್ಲಿ ವ್ಯಾಪಾರ ನಡೆಸಲು ಕಾನೂನಿನ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಸಾಮಾನ್ಯವಾಗಿ ನೋಟಿಸ್ ಬಂದ ದಿನವೇ ಏಳುತ್ತದೆ.

ಈ ವಿಚಾರದ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ. ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿತವಾದ ಕಡೆ ಮಹಾಯೋಜನೆ ಸಿದ್ಧಪಡಿಸಿ, ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಮುಂತಾದ ವಲಯಗಳಾಗಿ ವಿಂಗಡಿಸಲಾಗುತ್ತದೆ. ಕಾಯ್ದೆಯ 14ನೇ ಕಲಮಿನಂತೆ ಯೋಜನೆ ಜಾರಿಗೆ ಬಂದ ಬಳಿಕ ಭೂ ಉಪಯೋಗ ಬದಲಿಸಬೇಕಾದರೆ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ವಿಜಯಪುರ ನಗರದ ಮಟ್ಟಿಗೆ ಆ ಹೊಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ವ್ಯಾಪಾರದ ಪರವಾನಗಿ ಮಾತ್ರ ಮಹಾನಗರ ಪಾಲಿಕೆಯದು. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಪಾಲಿಕೆಯ ಉದ್ದಿಮೆ ಪರವಾನಗಿ ಕೈಗೆ ಬಂದೊಡನೆ ವಲಯದ ಪ್ರಶ್ನೆಯೂ ಬಗೆಹರಿಯಿತೆಂದು ಭಾವಿಸುವವರಿದ್ದಾರೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪತ್ರವನ್ನೇ ಅನುಮತಿಯೆಂದು ಗೋಡೆಗೆ ತೂಗುಹಾಕುವವರೂ ಉಂಟು. ಉದ್ಯಮ್ ಎಂಬುದು ಉದ್ದಿಮೆಯ ಗಾತ್ರಕ್ಕೆ ಸಂಬಂಧಿಸಿದ ನೋಂದಣಿಯೇ ಹೊರತು ಆ ಜಾಗದಲ್ಲಿ ಉದ್ದಿಮೆ ನಡೆಸಬಹುದೆಂಬ ಅಪ್ಪಣೆಯಲ್ಲ.

ಹಾಗೆಂದು ವಸತಿ ವಲಯವೆಂದರೆ ವ್ಯಾಪಾರಕ್ಕೆ ಪೂರ್ಣ ನಿಷೇಧವೆಂದು ತಿಳಿಯಬೇಕಿಲ್ಲ. ಕರ್ನಾಟಕದ ಮಹಾಯೋಜನೆಗಳ ವಲಯ ನಿಯಮಾವಳಿಗಳು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಕೊಡುತ್ತವೆ. ಮೊದಲನೆಯದು ತಾನಾಗಿಯೇ ಒಪ್ಪಿತವಾದ ಉಪಯೋಗಗಳದು. ಎರಡನೆಯದು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದ ಉಪಯೋಗಗಳದು. ವಕೀಲರ, ವೈದ್ಯರ, ವಾಸ್ತುಶಿಲ್ಪಿಗಳ ಸ್ವಂತ ಕಚೇರಿಗೆ ಮನೆಯ ಒಂದು ಭಾಗ ಬಳಸಲು ನಿಯಮಾವಳಿಗಳು ಬಹುಕಾಲದಿಂದ ಅವಕಾಶ ಕೊಟ್ಟಿವೆ. ಇವುಗಳ ಜೊತೆಗೆ ಬೇಕರಿ, ಹೊಲಿಗೆ, ಕಾಫಿಬೀಜ ಪುಡಿ ಮಾಡುವುದು ಮುಂತಾದ ಸಣ್ಣ ಸೇವಾ ಉದ್ದಿಮೆಗಳ ಅನುಸೂಚಿಯೂ ಇರುತ್ತದೆ. ಯಂತ್ರದ ಅಶ್ವಶಕ್ತಿಗೆ ಮಿತಿ ಇರುತ್ತದೆ. ಪಟ್ಟಿ ಊರಿನಿಂದ ಊರಿಗೆ ಬೇರೆಯಾಗುವುದರಿಂದ ಬೆಂಗಳೂರಿನ ನೆಂಟರು ಹೇಳಿದ ನಿಯಮ ವಿಜಯಪುರಕ್ಕೆ ಒಪ್ಪಬೇಕೆಂದೇನಿಲ್ಲ. ಪ್ರಾಧಿಕಾರವೇ ಹಂಚಿದ ನಿವೇಶನವಾದರೆ ಹಂಚಿಕೆ ಪತ್ರದ ಷರತ್ತುಗಳನ್ನೂ ಓದಬೇಕು.

ಕೋಟೆಯೊಳಗಿನ ಹಳೆಯ ಪೇಟೆಯ ಸಂಗತಿ ಬೇರೆ. ಕೆಳಗೆ ಅಂಗಡಿ, ಹಿಂದೆ ಅಥವಾ ಮೇಲೆ ವಾಸ ಎಂಬುದು ಅಲ್ಲಿ ಯೋಜನಾ ಕಾಯ್ದೆಗಿಂತ ಹಳೆಯ ರೂಢಿ. ಇಂದು ತಕರಾರು ಹುಟ್ಟುವುದು ಹೊಸ ಬಡಾವಣೆಗಳಲ್ಲಿ. ಮೂವತ್ತು ಅಡಿ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ದ್ವಿಚಕ್ರ ವಾಹನಗಳು, ಮಸಾಲೆಯ ಘಾಟು, ಗಿರಣಿಯ ಸದ್ದು ಇವೇ ದೂರಿನ ಮೂಲ. ನೆರೆಯವರ ದೂರು ಬಾರದಿರುವ ತನಕ ಅಧಿಕಾರಿಗಳೂ ಬಾರರು ಎಂಬುದು ಅನುಭವದ ಮಾತು.

ನ್ಯಾಯಾಲಯಗಳು ಈ ವಿಷಯದಲ್ಲಿ ಮೃದುವಾಗಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ಮೇರೆಗೆ ದೆಹಲಿಯ ವಸತಿ ಕಟ್ಟಡಗಳಲ್ಲಿನ ಅಂಗಡಿಗಳಿಗೆ ಬೀಗಮುದ್ರೆ ಬಿದ್ದಿತು. ನೋಯ್ಡಾದ ವಸತಿ ನಿವೇಶನಗಳಲ್ಲಿ ಬ್ಯಾಂಕು, ನರ್ಸಿಂಗ್ ಹೋಮ್‌ಗಳನ್ನು ನಡೆಸುತ್ತಿದ್ದುದರ ವಿರುದ್ಧ 2011ರ ಆರ್.ಕೆ. ಮಿತ್ತಲ್ ಪ್ರಕರಣದಲ್ಲಿಯೂ ಅದೇ ನಿಲುವು ತಾಳಿತು. ನಮ್ಮ ರಾಜಧಾನಿಯಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆ 2015 ವಸತಿ ಪ್ರದೇಶಗಳಿಗೆ ವಾಣಿಜ್ಯ ನುಗ್ಗಲು ದಾರಿ ಮಾಡಿತೆಂದು ನಿವಾಸಿಗಳ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಈ ಪ್ರಕರಣಗಳು ಶೋರೂಂ, ಬ್ಯಾಂಕು, ಪಬ್‌ಗಳ ಕುರಿತಾದವು. ರೊಟ್ಟಿ ಬಡಿಯುವವರ ಕುರಿತಾದವಲ್ಲ. ಆದರೂ ನೋಟಿಸಿನ ಭಾಷೆ ಇಬ್ಬರಿಗೂ ಒಂದೇ ಆಗಿರುತ್ತದೆಂಬುದು ಸಣ್ಣವರ ಸಂಕಟ.

ಸಣ್ಣವರಿಗೆ ನಿಜವಾದ ಪೆಟ್ಟು ಬೀಳುವುದು ವಲಯ ನಿಯಮದಿಂದಲ್ಲ, ವಿದ್ಯುತ್ ಮೀಟರಿನಿಂದ. ಈ ಭಾಗದಲ್ಲಿ ವಿದ್ಯುತ್ ಪೂರೈಸುವುದು ಹೆಸ್ಕಾಂ. ಗೃಹಬಳಕೆಗೊಂದು ದರ, ವಾಣಿಜ್ಯಕ್ಕೊಂದು ದರ. ಗೃಹಬಳಕೆಯ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ಅದು ಅನಧಿಕೃತ ಬಳಕೆ. ಸಂಬಂಧಿಸಿದ ದರದ ಎರಡು ಪಟ್ಟು ಹಣ ಕಟ್ಟಬೇಕಾಗುತ್ತದೆ. ಬಳಕೆ ಎಂದಿನಿಂದ ನಡೆದಿದೆಯೆಂದು ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ತಾತ್ಕಾಲಿಕ ಆದೇಶಕ್ಕೆ ಆಕ್ಷೇಪ ಸಲ್ಲಿಸುವ ಹಕ್ಕು ಗ್ರಾಹಕನಿಗಿದೆ. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಾದರೂ ಅದಕ್ಕೆ ಮುನ್ನ ಅರ್ಧ ಮೊತ್ತವನ್ನು ಠೇವಣಿ ಇಡಬೇಕು. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತು ಗೃಹಬಳಕೆಗೆ ಮಾತ್ರ. ಮನೆಯ ಮೀಟರು ವಾಣಿಜ್ಯಕ್ಕೆ ಬದಲಾದರೆ ತಿಂಗಳ ಬಿಲ್ಲಿನ ಜೊತೆಗೆ ಈ ಸೌಲಭ್ಯವೂ ಕೈತಪ್ಪುತ್ತದೆ. ಬಾಡಿಗೆ ಮನೆಯಾದರೆ ಮೀಟರು ಮಾಲೀಕನ ಹೆಸರಿನಲ್ಲಿರುವುದರಿಂದ ತಗಾದೆ ಅವನ ಬಾಗಿಲಿಗೂ ಹೋಗುತ್ತದೆ.

ಇಲ್ಲೊಂದು ಸಮಾಧಾನದ ಸಂಗತಿಯಿದೆ. ಇದು ಬಹಳ ಜನರಿಗೆ ತಿಳಿದಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು, ಮನೆಯ ಒಂದು ಭಾಗವನ್ನು ಅಲ್ಲಿ ವಾಸಿಸುವವರೇ ಕೆಲವು ಕಸುಬುಗಳಿಗೆ ಬಳಸಿದರೂ ಗೃಹಬಳಕೆಯ ದರವೇ ಅನ್ವಯಿಸುವುದೆಂದು ವರ್ಷಗಳಿಂದ ಹೇಳುತ್ತ ಬಂದಿವೆ. ಕೈಮಗ್ಗ, ಹೊಲಿಗೆ, ಅಕ್ಕಸಾಲಿ ಕೆಲಸ, ಬೆರಳಚ್ಚು, ಅಗಸರ ಕೆಲಸ, ಬ್ಯೂಟಿ ಪಾರ್ಲರ್, ಕೈಯಿಂದ ನಡೆಸುವ ಮುದ್ರಣ ಯಂತ್ರ, ವೈದ್ಯರು, ವಕೀಲರು ಹಾಗೂ ಲೆಕ್ಕ ಪರಿಶೋಧಕರ ಸಮಾಲೋಚನೆ, ಅಷ್ಟೇ ಏಕೆ, ಜ್ಯೋತಿಷ್ಯ ಕೂಡ ಆ ಪಟ್ಟಿಯಲ್ಲಿ ಸ್ಥಾನ ಪಡೆದಿದೆ. ಆದರೆ ಜೋಳದ ರೊಟ್ಟಿ ಬಡಿಯುವುದನ್ನು ಅಲ್ಲಿ ಹೆಸರಿಸಿ ಹೇಳಿಲ್ಲ. ಗ್ರಹಗತಿ ನೋಡುವವನಿಗೆ ದೊರೆತ ರಿಯಾಯಿತಿ ಊರಿಗೆ ರೊಟ್ಟಿ ಉಣಿಸುವ ತಾಯಿಗೆ ದೊರೆಯದಿರುವುದು ಪಟ್ಟಿ ಬರೆದವರ ಮರೆವೇ ಇರಬೇಕು. ಒಲೆಯ ಮೇಲೆ ಕೈಯಿಂದ ಬಡಿದು ಬೇಯಿಸುವವರೆಗೆ ಮೀಟರಿನ ಮಾತು ಅಷ್ಟಾಗಿ ಬಾರದು. ಹಿಟ್ಟು ನಾದುವ, ರೊಟ್ಟಿ ಒತ್ತುವ ಮೋಟಾರು ಬಂದ ದಿನದಿಂದ ಪ್ರಶ್ನೆ ಆರಂಭವಾಗುತ್ತದೆ. ಮೋಟಾರು ತರುವ ಮೊದಲೇ ಹೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಟ್ಟು ಬೇರೆ ಮೀಟರು ಪಡೆಯುವುದು ಖರ್ಚಿನ ಮಾತಾದರೂ ಎರಡು ಪಟ್ಟು ದಂಡಕ್ಕಿಂತ ಅಗ್ಗ. ಆಹಾರ ಪದಾರ್ಥ ಮಾರುವವರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿಯೂ ಕಡ್ಡಾಯ. ಮನೆಯ ಅಡುಗೆಮನೆಯೆಂಬ ಕಾರಣಕ್ಕೆ ಅದರಿಂದ ವಿನಾಯಿತಿ ಇಲ್ಲ.

ಟಿಕೋಟಾ, ಬಬಲೇಶ್ವರಗಳತ್ತ ಹೊರಟರೆ ಕಾನೂನಿನ ಮುಖವೇ ಬದಲಾಗುತ್ತದೆ. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ಇವೆರಡೂ ಈಗ ಸ್ವತಂತ್ರ ತಾಲ್ಲೂಕುಗಳು. ಸ್ಥಳೀಯ ಯೋಜನಾ ಪ್ರದೇಶದ ಹೊರಗಿರುವ ಹಳ್ಳಿಗಳಲ್ಲಿ ವಲಯದ ನಕ್ಷೆಯಿರುವುದಿಲ್ಲ. ಗಾವಠಾಣಾ ಒಳಗಿನ ಮನೆಯಲ್ಲಿ ಕಿರಾಣಿ ಅಂಗಡಿ ತೆರೆದರೆ ಭೂ ಉಪಯೋಗದ ಪ್ರಶ್ನೆ ಏಳುವುದು ಅಪರೂಪ. ಆದರೆ ಹಿಟ್ಟಿನ ಗಿರಣಿಯಂತಹ ಯಂತ್ರ ಕೂಡಿಸಬೇಕಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು.

ಹೊಲದ ಮನೆಯಾದರೆ ಇನ್ನೂ ಬೇರೆ. ಅಲ್ಲಿ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮು ಅಡ್ಡ ಬರುತ್ತದೆ. ಕೃಷಿ ಜಮೀನಿನಲ್ಲಿ ರೈತ ತನ್ನ ವಾಸಕ್ಕೆ, ಬೇಸಾಯದ ಸಲಕರಣೆಗೆ, ದನಕರುಗಳಿಗೆ, ಬೆಳೆಯ ಸಂಗ್ರಹಕ್ಕೆ ಕಟ್ಟಡ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇ 10ನ್ನು ಮೀರಕೂಡದು. ಹೊಲದ ಮನೆಯನ್ನು ವಾಣಿಜ್ಯಕ್ಕೆ ಬಾಡಿಗೆ ಕೊಡುವಂತಿಲ್ಲ. ದ್ರಾಕ್ಷಿ ಬೆಳೆಯುವ ಈ ಸೀಮೆಯಲ್ಲಿ ತನ್ನ ತೋಟದ ಹಣ್ಣನ್ನು ಒಣಗಿಸಲು ಹಾಕಿದ ಶೆಡ್ಡು ಬೇಸಾಯದ ಮುಂದುವರಿಕೆಯೆಂದು ರೈತ ವಾದಿಸಬಹುದು. ಅದೇ ಶೆಡ್ಡಿನಲ್ಲಿ ಹತ್ತು ಜನರ ಒಣದ್ರಾಕ್ಷಿ ತಂದು ತೊಳೆದು, ವಿಂಗಡಿಸಿ, ಪೆಟ್ಟಿಗೆ ಕಟ್ಟಿ ಮಾರತೊಡಗಿದರೆ ಆ ವಾದ ನಿಲ್ಲುವುದು ಕಷ್ಟ. ಆಗ ಜಮೀನನ್ನು ಎನ್‌ಎ ಮಾಡಿಸಬೇಕಾಗಬಹುದು. ಯಂತ್ರಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕು ಮೊದಲು ಕೇಳುವ ಕಾಗದವೂ ಸಾಮಾನ್ಯವಾಗಿ ಅದೇ.